ಕೆಂಚಿಯ ಹೊದಿಕೆ

ಬಿಟ್ಟುಹೋದವನ ಬಟ್ಟೆ ಮನೆಯವರ ಬಟ್ಟೆ ಎನಿಸಿಕೊಳ್ಳುತ್ತದೆಯೇ? ಒಂಬತ್ತು ವರ್ಷ ಮನೆಯೊಳಗೆ ಇದ್ದ ಮಾತ್ರಕ್ಕೆ ಅದು ನಮ್ಮದಾಗುತ್ತದೆಯೇ, ಇಲ್ಲ, ಹೊದ್ದವನು ಹೊಸ್ತಿಲು ದಾಟಿದ ದಿನವೇ ಬರೀ ನೂಲಾಗಿಬಿಡುತ್ತದೆಯೇ? ಯಾರನ್ನಾದರೂ ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಆದರೆ ಕೇಳಿದರೆ, ಆ ಶಲ್ಯ ಈಗ ಎಲ್ಲಿದೆ ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತಿತ್ತು. ದರ್ಜಿ ನಾಮದೇವಪ್ಪನವರ ಅಂಗಡಿಯ ಬೆಂಚಿನ ಮೇಲೆ ಕೂತು ನಾನು ಇದನ್ನೇ ಮನಸ್ಸಿನಲ್ಲಿ ಮಗುಚಿ ಹಾಕುತ್ತಿದ್ದೆ. ಎದುರಿಗೆ ಚಾಪೆಯ ಮೇಲೆ ಅಕ್ಕ ಮಂಡಿಯೂರಿ ಕೂತು ನಮ್ಮ ನಾಯಿ ಕೆಂಚಿಯ ಬೆನ್ನಿಗೆ ಒಂದೊಂದೇ ಅಂಚನ್ನು ಹಿಡಿದು ನೋಡುತ್ತಿದ್ದಳು.

"ಹಸಿರು ಬೇಡ ಚಂಪವ್ವ," ಎಂದರು ನಾಮದೇವಪ್ಪ. "ಕೆಂಪು ನಾಯಿಗೆ ಹಸಿರು ಅಂಚು ಕಟ್ಟಿದ್ರೆ ಹಣ್ಣುಮೆಣಸಿನಕಾಯಿ ನಡ್ಕೊಂಡು ಬಂದ ಹಾಗಿರುತ್ತೆ."

"ಹಾಗಾದ್ರೆ ಈ ಅರಿಶಿನದ ಬಣ್ಣ?"

"ಅದು ಚೆಂದ. ಆದ್ರೆ ಬೀಗರ ನಾಯಿ ರುಮಾಲು ಯಾವ ಬಣ್ಣ ಅಂತ ಕೇಳಿದ್ಯಾ? ಹೋದ ತಿಂಗಳು ಎರಡು ಕಡೆಯೋರೂ ಅರಿಶಿನದ್ದೇ ತಂದು, ಮದುಮಗ ಯಾರು ಮದುಮಗಳು ಯಾರು ಅಂತ ಅಯ್ಯನೋರು ಬಗ್ಗಿ ನೋಡಬೇಕಾಯ್ತು."

ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

"ಏನಪ್ಪಾ ಡಿಗ್ರಿ, ನೀನೇನೂ ಹೇಳ್ತಿಲ್ಲ?" ನಾಮದೇವಪ್ಪ ನನ್ನ ಕಡೆ ತಿರುಗಿದರು. ನಾನು ಎಂ.ಎ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿ ಕೂತಿದ್ದರಿಂದ ಓಣಿಯಲ್ಲಿ ನನಗೆ ಆ ಹೆಸರು.

"ಅಕ್ಕನಿಗೆ ಇಷ್ಟವಾದದ್ದು ಆಗಲಿ," ಎಂದೆ.

"ಅವನು ಹಾಗೇ ಬಿಡಿ," ಎಂದಳು ಅಕ್ಕ. "ಅವನ ಬಾಯಿಂದ ಒಂದು ಮಾತು ಹೊರಡಿಸೋದಕ್ಕಿಂತ ಕೆಂಚಿಗೆ ಕುಪ್ಪಸ ತೊಡಿಸೋದು ಸುಲಭ."

ನಮ್ಮ ಊರಿನಲ್ಲಿ ಮನುಷ್ಯರ ಮದುವೆಯ ಹಿಂದಿನ ದಿನ ಎರಡು ಮನೆಯ ನಾಯಿಗಳ ಮದುವೆ ನಡೆಯಬೇಕು. ನಾಯಿಯ ಹೊದಿಕೆಗೆ ಬೇಕಾದ ಅಂಚು, ಕಸೆ, ಗೆಜ್ಜೆಗಳನ್ನು ಮನೆಯವರು ಆರಿಸುತ್ತಾರೆ. ಮೈಬಟ್ಟೆಯನ್ನು ಮಾತ್ರ ನಾಯಿಯೇ ಆರಿಸಬೇಕು. ಮನೆಯ ಪ್ರತಿಯೊಬ್ಬರೂ ತಮ್ಮ ಮೈಗೆ ಹತ್ತಿದ, ಒಗೆಯದ ಒಂದು ಬಟ್ಟೆಯನ್ನು ದರ್ಜಿಯ ಪಡಸಾಲೆಯಲ್ಲಿ ಸಾಲಾಗಿ ಹಾಸುತ್ತಾರೆ. ಸತ್ತವರದು ಉಳಿದಿದ್ದರೆ ಅದನ್ನೂ ಹಾಸುತ್ತಾರೆ. ನಾಯಿ ಮೂಸುತ್ತ ಹೋಗಿ ಯಾವುದಾದರೂ ಒಂದರ ಮೇಲೆ ಮಲಗುತ್ತದೆ. ಯಾರ ಬಟ್ಟೆಯ ಮೇಲೆ ಮಲಗಿತೋ ಅವರ ಒಪ್ಪಿಗೆ ಇನ್ನೂ ಬಾಕಿ ಇದೆ. ಅವರು, ಸತ್ತವರಾದರೆ ಅವರ ಪರವಾಗಿ ಮನೆಯ ಒಬ್ಬರು, ಎಲ್ಲರೆದುರು ಕೂತು "ಬಿಟ್ಟುಕೊಟ್ಟೆ" ಎಂದು ಹೇಳಿ, ಆ ಬಟ್ಟೆಯನ್ನು ಒಂದಿಷ್ಟು ಹರಿದು ದರ್ಜಿಯ ಕೈಗೆ ಕೊಡಬೇಕು. ಹೊದಿಕೆ ಅದರಲ್ಲೇ ಹೊಲಿಯುವುದು. ಹೀಗೆ ಮೂರು ಸಂಜೆ ಕಾಯುತ್ತಾರೆ. ಮೂರನೆಯ ಸಂಜೆ ದೀಪ ಹಚ್ಚುವವರೆಗೂ ನಾಯಿ ಎಲ್ಲಿಯೂ ಮಲಗದಿದ್ದರೆ ಸಂಬಂಧ ಮುರಿಯಿತು. ಮತ್ತೆ ಏಳು ವರ್ಷ ಆ ಹೆಣ್ಣಿನ ಹೆಸರಿನಲ್ಲಿ ಯಾರೂ ಬಟ್ಟೆ ಹಾಸುವುದಿಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ನಮ್ಮ ಓಣಿಯ ಗುರವ್ವಜ್ಜಿಯ ಸೀರೆಯ ಮೇಲೆ ನಾಲ್ಕು ಮೊಮ್ಮಕ್ಕಳ ಮದುವೆಯಲ್ಲೂ ನಾಯಿ ಮಲಗಿತ್ತು. ಮೂರು ಸಲ ಕೇಳಿದ ತಕ್ಷಣ "ಬಿಟ್ಟುಕೊಟ್ಟೆ" ಅಂದಳು. ನಾಲ್ಕನೆಯ ಸಲ, "ನನ್ನ ತಲೆ ಬಾಚೋರು ಇನ್ನು ಯಾರು ಅಂತ ಮೊದಲು ಹೇಳ್ರಿ" ಎಂದು ಹಟ ಹಿಡಿದು ಬೀಗರನ್ನು ಊಟದ ಹೊತ್ತು ಮೀರುವ ತನಕ ಕೂರಿಸಿದ್ದಳು. ಹಿರಿಯ ಸೊಸೆ ಎದ್ದು ಬಾಚಣಿಗೆ ತಂದು ಅಲ್ಲೇ ಅಜ್ಜಿಯ ತಲೆ ಬಾಚಿದ ಮೇಲೆ ಎಲ್ಲ ಮುಗಿಯಿತು. ಇಂಥದ್ದಕ್ಕೆ ನಮ್ಮಲ್ಲಿ ಯಾರೂ ನಗುವುದಿಲ್ಲ.

ಅಕ್ಕನಿಗೆ ಆಗ ಮೂವತ್ತಾರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದಳು. ಅಪ್ಪ ಮನೆ ಬಿಟ್ಟಾಗ ಅವಳಿಗೆ ಇಪ್ಪತ್ತೇಳು, ನನಗೆ ಹದಿನೆಂಟು. ಆ ವರ್ಷ ಬಂದ ಸಂಬಂಧವನ್ನು ನಾನು ಕಾಲೇಜು ಮುಗಿಸಲಿ ಎಂದು ಅವಳೇ ವಾಪಸ್ ಕಳಿಸಿದಳು. ಆಮೇಲೆ ಬಂದದ್ದನ್ನು ನನ್ನ ಎಂ.ಎ. ಪರೀಕ್ಷೆಯ ನೆಪ ಹೇಳಿ ಕಳಿಸಿದಳು. ಪರೀಕ್ಷೆಯ ದಿನಗಳಲ್ಲಿ ನಾನು ಓದುತ್ತಿದ್ದರೆ ಅವಳು ಬಾಗಿಲ ಬಳಿ ಕೂತು ಶಾಲೆಯ ಮಕ್ಕಳ ಸೂಜಿ ಕೆಲಸ ತಿದ್ದುತ್ತಿದ್ದಳು. ನಾವು ಮಾತಾಡುತ್ತಿರಲಿಲ್ಲ. ನಾನು ಹಾಳೆ ಮಗುಚುವ ಸದ್ದು, ಅವಳು ನೂಲು ಕಡಿಯುವ ಸದ್ದು, ಅಷ್ಟೇ. ಈ ಲೋಕದಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಮೌನ ಅದೊಂದೇ. ಈಗ ಹೊಳೆಯಾಚೆ ಹಗ್ಗ ಹೊಸೆಯುವವರ ಕೇರಿಯ ತಿಪ್ಪೇಶ ಅವಳನ್ನು ಕೇಳಿದ್ದ. ನಲವತ್ತರ ಒಳ್ಳೆಯ ಮನುಷ್ಯ. ಅಂಗೈ ತುಂಬ ದಡ್ಡು, ಮೆತ್ತಗೆ ಮಾತು. ಈ ಸಲ ಅಕ್ಕ ಯಾವ ನೆಪವನ್ನೂ ಹೇಳಲಿಲ್ಲ.

ಅಪ್ಪ ಹೋದದ್ದೂ ಸದ್ದಿಲ್ಲದೆ. ಒಂದು ಮಧ್ಯಾಹ್ನ ಗಾಣದ ಕೆಲಸ ಮುಗಿಸಿದವನು ಮನೆಗೆ ಬರದೆ, ಕೆರೆಯ ಆಚೆ ಇಟ್ಟಿಗೆ ಭಟ್ಟಿಯ ಹತ್ತಿರ ಇನ್ನೊಬ್ಬಳ ಮನೆಗೆ ಹೋದ. ಅವನ ಶಲ್ಯ ನಡುಮನೆಯ ಗೂಟದಲ್ಲಿ ಉಳಿಯಿತು. ಅವ್ವ ಅದನ್ನು ಮುಟ್ಟಲಿಲ್ಲ, ಎಸೆಯಲೂ ಇಲ್ಲ. ಕೆಲವು ತಿಂಗಳಾದ ಮೇಲೆ ಅದು ಗೂಟದಲ್ಲಿ ಇರಲಿಲ್ಲ. ನಾನು ಅದನ್ನು ನನ್ನ ಕೋಣೆಗೆ ಒಯ್ದಿದ್ದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊದೆಯುತ್ತಿದ್ದೆ, ಉಳಿದ ಹೊತ್ತು ದಿಂಬಿನ ಕೆಳಗೆ ಇಡುತ್ತಿದ್ದೆ. ಮೊದಲ ಎರಡು ಚಳಿಗಾಲ ಅದರಲ್ಲಿ ಗಾಣದ ಎಣ್ಣೆಯ ವಾಸನೆ ಇತ್ತು.

ಆ ಶಲ್ಯವನ್ನು ಹಾಸಿದರೆ ಕೆಂಚಿ ಅದರ ಮೇಲೆಯೇ ಮಲಗುತ್ತದೆ ಎಂದು ನನಗೆ ಖಾತರಿ ಇತ್ತು. ಆಗ ಅಪ್ಪನನ್ನು ಕರೆಸಬೇಕಾಗುತ್ತದೆ, ಅವ್ವ ಅವನೆದುರು ಕೂರಬೇಕಾಗುತ್ತದೆ, ಬೀಗರ ಕಣ್ಣಿಗೆ ನಮ್ಮ ಮನೆಯ ಹುಳುಕು ಬೀಳುತ್ತದೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡು, ಅದನ್ನು ಪುಸ್ತಕದ ಟ್ರಂಕಿನೊಳಗೆ ಹಾಕಿ ಮುಚ್ಚಿದೆ. ಸಾಲಿಗೆ ನಾಲ್ಕು ಬಟ್ಟೆ ಬಿದ್ದವು. ಅವ್ವನ ಸೀರೆ, ಅಕ್ಕನ ರವಿಕೆ, ತೀರಿಹೋದ ಅಜ್ಜನ ಕರಿ ಕೋಟು, ನನ್ನ ಅಂಗಿ. ನನ್ನ ಅಂಗಿಯನ್ನು ಹರವುವಾಗ ನಾಮದೇವಪ್ಪ ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿದರು.

"ಇದು ನಿನ್ನ ಮೈಗೆ ಹತ್ತಿದ್ದಾ?"

"ಹೂಂ."

ಅದು ಇಂಟರ್‌ವ್ಯೂಗಳಿಗೆ ಹೋಗುವಾಗ ಮಾತ್ರ ಹಾಕಿಕೊಳ್ಳುವ ಅಂಗಿ. ಒಗೆದು ಇಸ್ತ್ರಿ ಮಾಡಿ ತಿಂಗಳುಗಳಾಗಿದ್ದವು. ಎಲ್ಲರ ಕಣ್ಣಿಗೆ ಬೀಳುವ ಬಟ್ಟೆ, ಚೆನ್ನಾಗಿರುವುದನ್ನೇ ಕೊಡೋಣ ಎನಿಸಿತ್ತು. ಆ ಹೊತ್ತಿನಲ್ಲಿ ನನಗೆ ಹಾಗೆ ಎನಿಸಿತು ಎಂದೇ ಈಗಲೂ ನಂಬಲು ನೋಡುತ್ತೇನೆ.

ಮೊದಲ ಸಂಜೆ ಕೆಂಚಿ ಅಜ್ಜನ ಕೋಟಿನ ಬಳಿ ನಿಂತಿತು, ಅವ್ವನ ಸೀರೆ ಮೂಸಿತು, ಅಕ್ಕನ ರವಿಕೆಯ ಮುಂದೆ ಬಾಲ ಅಲ್ಲಾಡಿಸಿತು. ನನ್ನ ಅಂಗಿಯನ್ನು ದಾಟಿಕೊಂಡು ಬಂದು ನನ್ನ ಕಾಲ ಬಳಿ ಕೂತುಬಿಟ್ಟಿತು. ಎಲ್ಲರೂ ನಕ್ಕರು. ಎರಡನೆಯ ಸಂಜೆಯೂ ಹಾಗೇ ಮಾಡಿತು. ಆಗ ಯಾರೂ ನಗಲಿಲ್ಲ. ತಿಪ್ಪೇಶನ ತಾಯಿ ಹಾಲವ್ವ ಎಲೆಗೆ ಸುಣ್ಣ ಸವರುತ್ತ ಅವ್ವನಿಗೆ ಕೇಳಿಸುವಂತೆ ಅಂದಳು: "ಏನು ತಾಯಿ, ನಿಮ್ಮ ನಾಯಿಗೆ ನಿದ್ದೇನೇ ಬರಲ್ವಾ? ನಮ್ಮ ದಾಸ ಮೊದಲ ಸಂಜೇನೇ ನನ್ನ ಸೀರೆ ಮೇಲೆ ಬಿದ್ದು ಗೊರಕೆ ಹೊಡೆದ. ಈ ವಯಸ್ಸಿನಲ್ಲಿ ಸೊಸೆ ಬಂದು ನನ್ನ ಒಲೆ ಮುಟ್ತಾಳಲ್ಲ ಅಂತ ನನ್ನ ಹೊಟ್ಟೇಲೂ ಇತ್ತು, ಸುಳ್ಳು ಯಾಕೆ? ಎಲ್ಲರ ಮುಂದೆ ಬಿಟ್ಟುಕೊಟ್ಟೆ. ನಿಮ್ಮನೇಲಿ ಯಾರದೋ ಬಟ್ಟೆ ಬಂದಿಲ್ಲ ನೋಡ್ರಿ."

ಅವ್ವ ಸೀರೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ನಾನೂ ಅಕ್ಕನೂ ಹಿಂದೆ ಬಂದೆವು.

"ನಿಂಗೂ, ಅಪ್ಪನ ಶಲ್ಯ ಒಂದು ಗೂಟದ ಮೇಲೆ ಇತ್ತಲ್ಲ?" ಅಕ್ಕ ದಾರಿಯಲ್ಲಿ ನನ್ನ ಹೆಸರು ಹಿಡಿದು ಕೇಳಿದಳು.

"ಅವ್ವ ಬಿಸಾಕಿರಬೇಕು."

"ಬಿಸಾಕಿದ್ದು ನೋಡಿದ್ಯಾ?"

"ನೋಡ್ಲಿಲ್ಲ."

ಕೆಂಚಿ ನಮ್ಮಿಬ್ಬರ ನಡುವೆ ನಡೆಯುತ್ತಿತ್ತು. ನನಗೆ ಅದರ ಮುಖ ನೋಡಲಾಗಲಿಲ್ಲ.

ಮರುದಿನ ಮಧ್ಯಾಹ್ನ ನಾನು ನೀರು ಕುಡಿಯಲು ಒಳಗೆ ಬಂದಾಗ ಅಕ್ಕ ಕಿಟಕಿಯ ಬಳಿ ಕೂತಿದ್ದಳು. ಆರಿಸಿ ತಂದಿದ್ದ ಅರಿಶಿನ ಬಣ್ಣದ ಅಂಚನ್ನು ಎಡಗೈಯ ನಾಲ್ಕು ಬೆರಳಿಗೆ ಸುತ್ತುತ್ತಿದ್ದಳು. ಒಂದು ಸುತ್ತು, ಮೇಲೆ ಬೆರಳಾಡಿಸಿ ಸುಕ್ಕು ತೆಗೆಯುವುದು, ಮತ್ತೊಂದು ಸುತ್ತು. ಮುಖದಲ್ಲಿ ದುಃಖವೇನೂ ಕಾಣಲಿಲ್ಲ. ಶಾಲೆಯಲ್ಲಿ ಪಾಠ ಮುಗಿದ ಮೇಲೆ ನೂಲುಂಡೆ ಸುತ್ತಿಡುವವಳ ಮುಖ ಅದು.

"ಏನು ಮಾಡ್ತಿದ್ದೀಯಾ?"

"ವಾಪಸ್ ಕೊಡಬೇಕಲ್ಲ. ಸುಕ್ಕಾದ್ರೆ ಅವರಿಗೆ ಬೇರೆಯವರಿಗೆ ಕೊಡೋಕೆ ಬರಲ್ಲ."

"ಇನ್ನೂ ಒಂದು ಸಂಜೆ ಇದೆ."

"ಇದೆ," ಎಂದಳು. "ಮೂರನೇ ಸಲ ಇದು, ನಿಂಗೂ. ಎರಡು ಸಲ ನಾನೇ ಬೇಡ ಅಂದೆ. ಆಗ ನಾನು ಬೇಡ ಅಂದೆ ಅಂತ ಆದ್ರೂ ಇತ್ತು."

ನೀರಿನ ಲೋಟ ನನ್ನ ಕೈಯಲ್ಲೇ ಉಳಿಯಿತು. ಕೋಣೆಗೆ ಹೋಗಿ ಟ್ರಂಕು ತೆಗೆದೆ.

ಆ ಸಂಜೆ ಸಾಲಿನ ಕೊನೆಗೆ ನಾನೇ ಶಲ್ಯವನ್ನು ಹಾಸಿದೆ. "ಹಳೇ ಟ್ರಂಕಿನಲ್ಲಿ ಸಿಕ್ತು, ಅಪ್ಪಂದು," ಎಂದೆ. ಅವ್ವ ಶಲ್ಯದ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ನಂತರ ಎದ್ದು ಹೋಗಿ ನಲ್ಲಿಯ ಬಳಿ ಕೈ ತೊಳೆಯುತ್ತ ಬಹಳ ಹೊತ್ತು ನಿಂತಳು. ಕೆಂಚಿ ಈ ಸಲ ಬೇರೆ ಯಾವುದನ್ನೂ ಮೂಸಲಿಲ್ಲ. ನೇರ ಬಂದು ಶಲ್ಯದ ಮೇಲೆ ಎರಡು ಸುತ್ತು ತಿರುಗಿ, ಮುಂಗಾಲು ಚಾಚಿ, ಗದ್ದ ಊರಿ ಕಣ್ಣು ಮುಚ್ಚಿತು. ಪಡಸಾಲೆಯ ತುಂಬ ಜನ ಉಸಿರು ಬಿಟ್ಟದ್ದು ಕೇಳಿಸಿತು. ತಿಪ್ಪೇಶ ಸೈಕಲ್ ಹತ್ತಿ ತಾನೇ ಇಟ್ಟಿಗೆ ಭಟ್ಟಿಯ ಕಡೆ ಹೋದ.

ನಾಮದೇವಪ್ಪ ನಾಯಿಯನ್ನು ಎಬ್ಬಿಸಿ ಶಲ್ಯವನ್ನು ಕೈಗೆತ್ತಿಕೊಂಡರು. ಬಟ್ಟೆ ಕೈಗೆ ಬಂದಾಗ ಮೂಗಿಗೆ ಹಿಡಿದು ನೋಡುವುದು ಅವರ ಕಸುಬಿನ ಅಭ್ಯಾಸ. "ಗಾಣದವರ ಬಟ್ಟೆ ಅಂದ್ರೆ ಎಷ್ಟು ವರ್ಷ ಆದ್ರೂ ಎಣ್ಣೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಮತ್ತೊಮ್ಮೆ ಮೂಸಿದರು. ನನ್ನ ಕಡೆ ನೋಡಿ, ಶಲ್ಯವನ್ನು ಮೆಲ್ಲಗೆ ಮಡಿಸಿ ಹಲಗೆಯ ಮೇಲಿಟ್ಟರು.

ಅಪ್ಪ ಬಂದ. ಒಂಬತ್ತು ವರ್ಷದಲ್ಲಿ ಕುಗ್ಗಿದ್ದ. ಹುಬ್ಬಿನಲ್ಲಿ ಇಟ್ಟಿಗೆಯ ಕೆಂಪು ಪುಡಿ ಕೂತಿತ್ತು. ಚಪ್ಪಲಿಯನ್ನು ದೂರದಲ್ಲೇ ಬಿಟ್ಟು, ಯಾರ ಮುಖವನ್ನೂ ನೋಡದೆ, ಕೂರಿಸಿದ ಕಡೆ ಕೂತ. ಅವ್ವ ಗೋಡೆಯ ಕಡೆ ಮುಖ ಮಾಡಿದ್ದಳು. ನಾಮದೇವಪ್ಪ ಶಲ್ಯವನ್ನು ಅವನ ಮುಂದಿಟ್ಟು, "ನಿಂದೇನಾ ನೋಡಪ್ಪ," ಎಂದರು. ಅಪ್ಪ ಅದನ್ನು ಎರಡು ಕೈಯಲ್ಲೂ ಎತ್ತಿ ಮುಖಕ್ಕೆ ಒತ್ತಿಕೊಂಡ. ಬಹಳ ಹೊತ್ತು ಹಾಗೇ ಇದ್ದ. ಅಳುತ್ತಿದ್ದಾನೆ ಎಂದು ಜನ ತಿಳಿದರು. ತಲೆ ಎತ್ತಿದಾಗ ಕಣ್ಣು ಒಣಗಿತ್ತು. ಅವನು ನೋಡಿದ್ದು ನನ್ನನ್ನು.

"ನಂದೇ," ಎಂದ. ಆಮೇಲೆ, "ಬಿಟ್ಟುಕೊಟ್ಟೆ," ಎಂದು ಶಲ್ಯದ ಅಂಚನ್ನು ಒಂದು ಗೇಣು ಹರಿದುಕೊಟ್ಟ.

ನಾಮದೇವಪ್ಪ ಮರುದಿನ ಮಧ್ಯಾಹ್ನದೊಳಗೆ ಹೊದಿಕೆ ಹೊಲಿದು ಮುಗಿಸಿದರು. ಬೂದು ಬಣ್ಣದ ಮೈ, ಸುತ್ತಲೂ ಅರಿಶಿನದ ಅಂಚು, ಕುತ್ತಿಗೆಗೆ ಒಂದು, ಹೊಟ್ಟೆಯ ಕೆಳಗೆ ಎರಡು ಕಸೆ. ಅಂಚಿನ ಒಳಮಗ್ಗುಲಿಗೆ ಅಕ್ಕ ತಾನೇ ಸಣ್ಣ ಹೊಲಿಗೆ ಹಾಕಿದಳು. ಹೊಳೆಯ ಈಚೆ ದಡದ ಕಟ್ಟೆಯ ಮೇಲೆ ಜನ ಸೇರಿದ್ದರು, ಅಪ್ಪನೂ ಬಂದು ಒಂದು ಬದಿಗೆ ನಿಂತಿದ್ದ. ದಾಸ ಹಸಿರು ರುಮಾಲು ಸುತ್ತಿಸಿಕೊಂಡು, ಹಾಲವ್ವನ ಸೀರೆಯಲ್ಲಿ ಹೊಲಿದ ಅಂಗವಸ್ತ್ರ ಹೊದ್ದು, ಗಂಭೀರವಾಗಿ ಕೂತಿತ್ತು. ಅಕ್ಕ ಕೆಂಚಿಗೆ ಹೊದಿಕೆ ತೊಡಿಸಿದಳು. ಕೆಂಚಿ ತಲೆಯಿಂದ ಬಾಲದವರೆಗೆ ಒಮ್ಮೆ ಮೈ ಒದರಿತು. ಕಸೆ ಬಿಚ್ಚಿಕೊಂಡು ಹೊದಿಕೆ ನೆಲಕ್ಕೆ ಬಿತ್ತು.

"ಟೀಚರಮ್ಮ, ಮಕ್ಕಳಿಗೆ ಗಂಟು ಹಾಕೋದು ಕಲಿಸ್ತೀರಿ, ನಿಮ್ಮದೇ ಸಡಿಲ," ಎಂದು ಯಾರೋ ಅಂದರು. ನಗು ಎದ್ದಿತು. ಅಕ್ಕ ಎರಡನೆಯ ಸಲ ಬಿಗಿಯಾಗಿ ಕಟ್ಟಿದಳು. ಎರಡನೆಯ ಸಲವೂ ಬಿತ್ತು. ಈಗ ಹೊಳೆಯ ನೀರಿನ ಸದ್ದು ಕೇಳಿಸತೊಡಗಿತು. ಹೇಳಿದ ಮಾತು ಸುಳ್ಳಾದರೆ ನಾಯಿಯ ಮೈಮೇಲೆ ಹೊದಿಕೆ ನಿಲ್ಲುವುದಿಲ್ಲ, ಮೂರನೆಯ ಸಲ ಬಿದ್ದರೆ ಎಲ್ಲ ಮುಗಿದಂತೆ. ಇದು ನಮ್ಮ ಊರಿನ ಸಣ್ಣ ಮಕ್ಕಳಿಗೂ ಗೊತ್ತು.

"ಈತ ಮನಸ್ಸಿನಿಂದ ಹೇಳಿಲ್ಲ," ಎಂದಳು ಹಾಲವ್ವ. ಎಲ್ಲರೂ ಅಪ್ಪನ ಕಡೆ ತಿರುಗಿದರು.

"ಇಡೀ ಸಂಸಾರಾನೇ ಬಿಟ್ಟು ಹೋದೋನಿಗೆ ಮಗಳನ್ನ ಬಿಟ್ಟುಕೊಡೋದಕ್ಕೆ ಏನಯ್ಯಾ ಕಷ್ಟ?" ಬೀಗರ ಕಡೆಯ ಒಬ್ಬರು ಕೂಗಿದರು.

"ನಾಚಿಕೆ ಇದ್ರೆ ತಾನೇ!"

ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಒಂದೇ ಒಂದು ವಾಕ್ಯ ಹೇಳಿದ್ದರೆ ಆ ಮಾತುಗಳೆಲ್ಲ ಅವನ ಮೇಲಿಂದ ಎದ್ದು ನನ್ನ ಮೇಲೆ ಬಂದು ಕೂರುತ್ತಿದ್ದವು. ಆ ಶಲ್ಯದಲ್ಲಿ ತಾನು ಇಲ್ಲ ಎಂಬುದು ಮುಖಕ್ಕೆ ಒತ್ತಿಕೊಂಡ ಕ್ಷಣವೇ ಅವನಿಗೆ ತಿಳಿದಿತ್ತು. ಒಂಬತ್ತು ವರ್ಷ ಅದನ್ನು ಹೊದ್ದವನು ನಾನು. ಕೆಂಚಿ ಮಲಗಿದ್ದು ನನ್ನ ವಾಸನೆಯ ಮೇಲೆ. ಅಪ್ಪ ಆ ವಾಕ್ಯ ಹೇಳಲಿಲ್ಲ. ಬೈಗುಳ ತಗ್ಗಿದ ಮೇಲೆ ಮೆಲ್ಲಗೆ, "ಮೂರನೇ ಸಲ ನನ್ನ ಮಗ ಕಟ್ಟಲಿ," ಎಂದ. "ನನ್ನ ಪರವಾಗಿ."

"ಹೌದು, ಅವನೇ ಕಟ್ಟಲಿ," ಎಂದರು ನಾಮದೇವಪ್ಪ, ಯಾರಾದರೂ ಬೇಡ ಎನ್ನುವ ಮೊದಲೇ.

ನಾನು ಹೋಗಿ ಮಂಡಿಯೂರಿದೆ. ಅಕ್ಕ ಕೆಂಚಿಯ ತಲೆಯನ್ನು ಹಿಡಿದುಕೊಂಡಿದ್ದಳು. ಅವಳ ಮುಖ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ಬೆಳಗ್ಗೆ ಹಚ್ಚಿದ ಅರಿಶಿನ ಬೆವರಿಗೆ ಕದಡಿ ಕಿವಿಯ ಹತ್ತಿರ ಗೆರೆಯಾಗಿತ್ತು. ಅವಳು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ, ನನ್ನ ಬೆರಳುಗಳನ್ನು ನೋಡುತ್ತಿದ್ದಳು. ಆ ಬೆರಳುಗಳಿಗೆ ಸೂಜಿಗೆ ನೂಲು ಪೋಣಿಸುವುದನ್ನು ಕಲಿಸಿದವಳು ಅವಳೇ. ಕುತ್ತಿಗೆಯ ಕಸೆ ಕಟ್ಟಿದೆ. ಹೊಟ್ಟೆಯ ಕೆಳಗಿನ ಮೊದಲ ಕಸೆ ಕಟ್ಟಿದೆ. ಕೆಂಚಿಯ ಚರ್ಮ ಆಗಲೇ ಅದಿರತೊಡಗಿತ್ತು. ಇನ್ನೊಂದು ಗಂಟು ಬಿದ್ದರೆ ಅದು ಮೈ ಒದರುತ್ತದೆ, ಅಕ್ಕ ನಮ್ಮ ಮನೆಯಲ್ಲೇ ಉಳಿಯುತ್ತಾಳೆ, ಬಾಗಿಲ ಬಳಿ ಕೂತು ನೂಲು ಕಡಿಯುತ್ತಾಳೆ. ಯಾರೂ ನನ್ನನ್ನು ದೂರುವುದಿಲ್ಲ. ತಪ್ಪು ಹೊರಲು ಅಪ್ಪ ಅಲ್ಲೇ ನಿಂತಿದ್ದಾನೆ. ಇದೆಲ್ಲ ನನಗೆ ಬಹಳ ಸ್ಪಷ್ಟವಾಗಿ ಕಂಡಿತು, ನನಗೆ ಅದು ಬೇಕಾಗಿತ್ತು ಎಂಬುದೂ ಕಂಡಿತು.

ಕೊನೆಯ ಕಸೆಯನ್ನು ಬೆರಳಿಗೆ ಸುತ್ತಿಕೊಂಡು ಬಗ್ಗಿ ಕೆಂಚಿಯ ಕಿವಿಗೆ ಬಾಯಿ ತಾಗಿಸಿದೆ. ಬಿಟ್ಟುಕೊಟ್ಟೆ ಎಂದೆ. ಮತ್ತೊಮ್ಮೆ ಹೇಳಿ ಗಂಟು ಹಾಕಿದೆ. ಕೆಂಚಿ ಎದ್ದು ನಿಂತಿತು. ಮೈ ಒಮ್ಮೆ ನಡುಗಿತು. ಹೊದಿಕೆ ನಿಂತಿತು. ಯಾರೋ ಡೋಲಿಗೆ ಪೆಟ್ಟು ಕೊಟ್ಟರು.

ಮಾರನೆಯ ದಿನ ಅಕ್ಕನ ಮದುವೆಯಾಯಿತು. ಅಪ್ಪ ಊಟಕ್ಕೆ ಮೊದಲೇ ಹೊರಟ. ನಾನು ಕೆರೆಯ ಏರಿಯವರೆಗೆ ಜೊತೆಗೆ ಹೋದೆ. ಏರಿ ಹತ್ತಿದ ಮೇಲೆ ಅವನು ನಿಂತು, "ಚಳಿಗೆ ಇನ್ನು ಏನು ಹೊದ್ಕೋತೀಯಾ?" ಎಂದು ಕೇಳಿದ. "ಏನಾದ್ರೂ ಇರುತ್ತೆ," ಎಂದೆ. ಅವನು ತಲೆಯಾಡಿಸಿ ಇಳಿದು ಹೋದ.

ಮದುಮಗಳ ನಾಯಿ ಮದುಮಗಳ ಜೊತೆಗೇ ಹೋಗಬೇಕು. ಹಾಗಾಗಿ ಕೆಂಚಿಯೂ ಈಗ ಹೊಳೆಯಾಚೆ ಇದೆ. ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಹಗ್ಗ ಹೊಸೆಯುವ ಅಂಗಳದಲ್ಲಿ ತಿಪ್ಪೇಶ ನಾರು ಬಿಡಿಸುತ್ತಿರುತ್ತಾನೆ. ಹಾಲವ್ವ ತನ್ನ ಒಲೆಯ ಮುಂದೆ ಕೂತು, "ಬಂದನಮ್ಮ ನಿನ್ನ ಮೌನಿ," ಎಂದು ಅಕ್ಕನನ್ನು ಕರೆಯುತ್ತಾಳೆ. ಊರಿನಲ್ಲಿ ಈಗಲೂ, ಆ ಮನುಷ್ಯನ ಮಾತು ನಿಜವಾಗಲು ಮೂರು ಸಲ ಬೇಕಾಯ್ತು ಎಂದು ಅಪ್ಪನನ್ನು ಆಡಿಕೊಳ್ಳುತ್ತಾರೆ. ನಾನು ತಿದ್ದಲು ಹೋಗಿಲ್ಲ. ಹೋದ ವಾರ ಅಕ್ಕ ಕೆಂಚಿಯ ಹೊದಿಕೆಯನ್ನು ಬಿಸಿಲಿಗೆ ಹಾಕುತ್ತ, ಹಿಂದಕ್ಕೆ ತಿರುಗದೆ ಕೇಳಿದಳು.

"ಅವತ್ತು ಕೆಂಚಿ ಕಿವಿಯಲ್ಲಿ ಏನು ಹೇಳ್ದೆ?"

"ಅಲ್ಲಾಡಬೇಡ ಅಂದೆ."

"ಅಷ್ಟೇನಾ?"

"ಅಷ್ಟೇ."

ಅವಳು ಹೊದಿಕೆಯ ಸುಕ್ಕನ್ನು ಬೆರಳಿನಿಂದ ತೆಗೆಯುತ್ತ ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋಗಿ ನನಗೆ ಚಹಾ ತಂದಳು. ಹೋಗಬೇಡ ಎಂದು ನಾನು ಅಕ್ಕನಿಗೆ ಯಾವತ್ತೂ ಹೇಳಲಿಲ್ಲ.